ಜೀವಿಕೆಯ ಆಯ್ಕೆಯೂ ವ್ರತರಕ್ಷಣೆಯೂ

ವ್ರತಗಳ ವಿಷಯವೆತ್ತಿದೊಡನೆ ನಮ್ಮ ಮನಸ್ಸು ಪರ್ವದಿನಗಳ ಕಡೆಗೆ ಹೋಗುವುದು ಸಹಜ. ಅಷ್ಟಮಿ ಚತುರ್ದಶಿಗಳ ಪ್ರೋಷಧೋಪವಾಸ, ಭಾದ್ರಪದ ಶುಕ್ಲ ಪಂಚಮಿಯಿಂದ ಮೊದಲಾಗುವ ದಶಲಕ್ಷಣ ಪರ್ವ, ವರ್ಷದಲ್ಲಿ ಮೂರು ಬಾರಿ ಬರುವ ಅಷ್ಟಾಹ್ನಿಕ ಇವುಗಳ ವಿಧಿಯೇನು, ಉದ್ಯಾಪನೆ ಹೇಗೆ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆಯುತ್ತಲೇ ಇರುತ್ತದೆ. ಇದು ಯುಕ್ತವೇ ಸರಿ. ಆದರೆ ವರ್ಷದ 365 ದಿನಗಳಲ್ಲಿ ಪರ್ವದಿನಗಳನ್ನು ಕಳೆದರೆ ಉಳಿಯುವ ದಿನಗಳೇ ಅಧಿಕ. ಆ ದಿನಗಳನ್ನು ಆಳುವುದು ಪಂಚಾಂಗವಲ್ಲ. ನಾವು ಹಿಡಿದ ಜೀವಿಕೆ. ಎಷ್ಟು ಹೊತ್ತಿಗೆ ಏಳಬೇಕು, ಯಾವಾಗ ಉಣ್ಣಬೇಕು, ಯಾರ ಮಾತಿಗೆ ಓಡಬೇಕು, ಯಾವುದನ್ನು ಕಂಡು ಕಾಣದಂತಿರಬೇಕು ಎಂಬುದನ್ನೆಲ್ಲ ಉದ್ಯೋಗವೇ ನಿರ್ಣಯಿಸುತ್ತದೆ. ಹಾಗಿರುವಲ್ಲಿ ಉದ್ಯೋಗವನ್ನು ಆರಿಸಿಕೊಳ್ಳುವ ಆ ಒಂದು ದಿನ, ಮುಂದಿನ ಸಾವಿರ ದಿನಗಳ ವ್ರತವನ್ನು ಕಾಯುವ ಅಥವಾ ಕೆಡಿಸುವ ದಿನವಾಗುತ್ತದೆ. ಈ ಒಂದು ದಿನವನ್ನು ಕುರಿತು ನಾವು ಸಾಕಷ್ಟು ವಿಚಾರಿಸಿಲ್ಲವೆಂದು ನನಗೆ ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಜೀವಿಕೆಯನ್ನು ಜಿನಧರ್ಮ ಹಳಿಯುವುದಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಕರ್ಮಗಳನ್ನು ಪ್ರಜೆಗಳಿಗೆ ಕಲಿಸಿದವನು ಆದಿತೀರ್ಥಂಕರನೇ ಎಂಬುದು ನಮ್ಮ ಪುರಾಣಗಳ ಕಥನ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕಧರ್ಮಕ್ಕೆ ಅರ್ಹನಾದ ಗೃಹಸ್ಥನ ಗುಣಗಳನ್ನು ಎಣಿಸುವಾಗ ಮೊದಲು ಹೇಳುವುದು ನ್ಯಾಯದಿಂದ ಧನವನ್ನು ಸಂಪಾದಿಸುವ ಗುಣವನ್ನು. ಪೂಜೆಯಾಗಲಿ ದಾನವಾಗಲಿ ಅದರ ಅನಂತರದ ಮಾತು. ಆದುದರಿಂದ ಇಂದಿನ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಕೆಲಸವೂ ಮಸಿ ಮತ್ತು ವಾಣಿಜ್ಯಗಳ ಸಾಲಿಗೆ ಸೇರತಕ್ಕುದೇ ಹೊರತು, ಹೆಸರು ಹೊಸದೆಂಬ ಕಾರಣಕ್ಕೆ ತ್ಯಾಜ್ಯವಲ್ಲ.

ಈ ವಿಚಾರ ನನ್ನ ಮುಂದೆ ಬಂದದ್ದು ಹೀಗೆ. ಹೊಸದುರ್ಗ ಸೀಮೆಯ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿರುವುದು ವಾಚಕರಿಗೆ ತಿಳಿದಿದೆ. ಅಲ್ಲಿಗೆ ದರ್ಶನಕ್ಕೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮಗಳೊಡನೆ ಬಂದಿದ್ದರು. ಅವರದು ತೆಂಗಿನ ತೋಟ. 2016ರ ಆಸುಪಾಸಿನ ಬರಗಾಲದ ವರ್ಷಗಳಲ್ಲಿ ಹಿರಿಯೂರು ಹೊಸದುರ್ಗಗಳ ಕಡೆ ತೆಂಗು ಒಣಗಿ ನಿಂತುದನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ತೋಟವೂ ಒಣಗಿತು. ಒಂದರ ಮೇಲೊಂದು ಕೊಳವೆಬಾವಿ ಕೊರೆಸಿದ ಸಾಲ ಮಾತ್ರ ಹಸಿರಾಗಿ ಉಳಿಯಿತು. ಮಗಳು ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ಅವಳ ಕೈಯಲ್ಲಿ ಎರಡು ನೇಮಕಾತಿ ಪತ್ರಗಳಿದ್ದವು. ಒಂದು, ಬೆಂಗಳೂರಿನಲ್ಲಿರುವ ವಿದೇಶೀ ಇನ್ವೆಸ್ಟ್‌ಮೆಂಟ್ ಬ್ಯಾಂಕೊಂದರ ಕಚೇರಿಯದು. ನ್ಯೂಯಾರ್ಕಿನವರಿಗೆ ಬೇಕಾದ ಲೆಕ್ಕಪತ್ರಗಳನ್ನು ಇಲ್ಲಿ ಸಿದ್ಧಪಡಿಸುವ ಕೆಲಸ. ಇನ್ನೊಂದು, ಮುಂಬಯಿಯಲ್ಲಿ ಭಾರತೀಯ ಕಂಪನಿಗಳಿಗಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆಯದು. ಬೆಂಗಳೂರಿನ ಸಂಬಳ ಮುಂಬಯಿಯದಕ್ಕಿಂತ ಒಂದೂವರೆ ಪಾಲು. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮನೆ ಸೇರಬಹುದು. ಆದ್ದರಿಂದ ತಂದೆಗೆ ಸಂಶಯವೇ ಇರಲಿಲ್ಲ.

ಸಂಶಯವಿದ್ದದ್ದು ಮಗಳಿಗೆ. ಅವಳು ಹತ್ತನೆಯ ವಯಸ್ಸಿನಲ್ಲಿ ಮುನಿಗಳ ಸನ್ನಿಧಿಯಲ್ಲಿ ಐದು ವರ್ಷಗಳ ಅವಧಿಗೆ ರಾತ್ರಿಭೋಜನತ್ಯಾಗದ ನಿಯಮವನ್ನು ತೆಗೆದುಕೊಂಡಿದ್ದಳು. ಅನಂತರ ಎರಡು ಬಾರಿ ಅದನ್ನು ಮುಂದುವರಿಸಿದ್ದಳು. ಮೂರನೆಯ ಅವಧಿ ಆ ಭಾದ್ರಪದಕ್ಕೆ ಮುಗಿಯುತ್ತಿತ್ತು. "ಮೇಷ್ಟ್ರೇ, ಅವಧಿ ತಾನಾಗಿ ಮುಗಿಯುತ್ತದೆ. ಮತ್ತೆ ತೆಗೆದುಕೊಳ್ಳದಿದ್ದರೆ ವ್ರತಭಂಗ ಆಗುವುದಿಲ್ಲವಲ್ಲ?" ಎಂದು ಕೇಳಿದಳು. ತಂದೆ ನಗುತ್ತ, "ನೀವೇ ಹೇಳಿ ಮೇಷ್ಟ್ರೇ, ಆಗುವುದಿಲ್ಲ ತಾನೇ?" ಎಂದರು. ಆಗುವುದಿಲ್ಲ ಎಂದು ಒಡನೆ ಹೇಳಬಹುದಾಗಿತ್ತು. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲದ ಮಿತಿಯುಳ್ಳದ್ದನ್ನು ನಿಯಮವೆಂದೂ ಜೀವನಪರ್ಯಂತದ್ದನ್ನು ಯಮವೆಂದೂ ಬೇರ್ಪಡಿಸಿದ್ದಾರೆ. ನಿಯಮದ ಅವಧಿ ಮುಗಿದರೆ ಭಂಗವೆಂಬುದಿಲ್ಲ. ಆದರೂ ನಾನು ಒಡನೆ ಉತ್ತರ ಕೊಡಲಿಲ್ಲ. ಒಂದು ವಾರದ ಅವಕಾಶ ಕೇಳಿದೆ. ಆ ವಾರದ ವಿಚಾರವೇ ಇಲ್ಲಿಯದು.

ಮೊದಲು ಆ ಕೆಲಸದ ಸ್ವರೂಪವನ್ನು ತಿಳಿಯೋಣ. ನಮ್ಮ ಊರಿನ ಬ್ಯಾಂಕು ನಮ್ಮಿಂದ ಠೇವಣಿ ಪಡೆದು ಮತ್ತೊಬ್ಬರಿಗೆ ಸಾಲ ಕೊಡುತ್ತದೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಮುಖ್ಯ ಕೆಲಸ ಅದಲ್ಲ. ಕಂಪನಿಯೊಂದಕ್ಕೆ ಬಂಡವಾಳ ಬೇಕಾದಾಗ ಷೇರು ಅಥವಾ ಸಾಲಪತ್ರಗಳನ್ನು ಹೊರಡಿಸಿಕೊಡುವುದು, ಒಂದು ಕಂಪನಿ ಮತ್ತೊಂದನ್ನು ಕೊಳ್ಳುವಾಗ ಬೆಲೆಕಟ್ಟಿ ಸಲಹೆ ಹೇಳುವುದು ಅದರ ಕಾಯಕ. ನಮ್ಮ ದೇಶದಲ್ಲಿ ಇಂಥ ಸಂಸ್ಥೆಗಳು ಮರ್ಚೆಂಟ್ ಬ್ಯಾಂಕರ್ ಎಂಬ ಹೆಸರಿನಲ್ಲಿ ಸೆಬಿಯಲ್ಲಿ ನೋಂದಣಿಯಾಗಬೇಕು. ಇದಕ್ಕೆ 1992ರಲ್ಲಿ ನಿಯಮಾವಳಿಯಾಯಿತು. ವ್ಯವಹಾರವೊಂದು ಕುದುರಿತೆಂದರೆ ಅದು ಮುಗಿಯುವವರೆಗೆ ಹಗಲು ರಾತ್ರಿಗಳ ಭೇದವಿಲ್ಲ. ಕಿರಿಯರು ಲೆಕ್ಕ ತಿದ್ದುತ್ತ, ಹಾಳೆಗಳನ್ನು ಸಿದ್ಧಪಡಿಸುತ್ತ ಕುಳಿತಿರಬೇಕು. ಹೊರದೇಶಗಳಲ್ಲಿಯೂ ಇದು ದೊಡ್ಡ ಚರ್ಚೆಯ ವಿಷಯವಾಗಿದೆ. 2013ರಲ್ಲಿ ಲಂಡನ್ನಿನ ಬ್ಯಾಂಕೊಂದರಲ್ಲಿ ತರಬೇತಿಯಲ್ಲಿದ್ದ 21 ವರ್ಷದ ತರುಣನು ತೀರಿಕೊಂಡನು. ಮರಣಕ್ಕೆ ಅಪಸ್ಮಾರ ಕಾರಣವೆಂದು ವಿಚಾರಣೆಯಲ್ಲಿ ನಿರ್ಣಯವಾಯಿತು. ಬಳಲಿಕೆ ಅದನ್ನು ಕೆರಳಿಸಿರಬಹುದು, ಆದರೆ ನಿಶ್ಚಯವಾಗಿ ಹೇಳಲಾಗದು ಎಂದರು. 2021ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ 13 ಮಂದಿ ಕಿರಿಯ ನೌಕರರು ತಮ್ಮ ಲೆಕ್ಕವನ್ನು ತಾವೇ ಬರೆದು ಮೇಲಿನವರ ಮುಂದಿಟ್ಟರು: ವಾರಕ್ಕೆ ಸರಾಸರಿ 95 ಗಂಟೆ ಕೆಲಸ, ರಾತ್ರಿ ಸುಮಾರು 5 ಗಂಟೆ ನಿದ್ರೆ. ಶುಕ್ರವಾರ ರಾತ್ರಿ 9ರಿಂದ ಭಾನುವಾರ ಬೆಳಿಗ್ಗೆ 9ರವರೆಗೆ ಕೆಲಸ ಕೂಡದೆಂಬ ನಿಯಮ ಅಲ್ಲಿ ಮೊದಲೇ ಇತ್ತು. ಅದನ್ನು ಇನ್ನು ಮೇಲೆ ಬಿಗಿಯಾಗಿ ಪಾಲಿಸುವೆವೆಂದು ಹಿರಿಯರು ಮಾತು ಕೊಡಬೇಕಾಯಿತು. 2024ರಲ್ಲಿ ಜೆ. ಪಿ. ಮಾರ್ಗನ್ ಬ್ಯಾಂಕು ಕಿರಿಯರ ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿಯನ್ನು ಹಾಕಿತು, ಅದಕ್ಕೂ ಅಪವಾದಗಳುಂಟು.

ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನಾದುದರಿಂದ ಈ ಲೆಕ್ಕವನ್ನು ಮುಗಿಸದೆ ಇರಲಾರೆ. ವಾರಕ್ಕೆ 168 ಗಂಟೆ. ಅದರಲ್ಲಿ 95 ಕೆಲಸಕ್ಕೆ, 35 ನಿದ್ರೆಗೆ ಹೋದರೆ ಉಳಿಯುವುದು 38. ದಿನಕ್ಕೆ ಐದೂವರೆ ಗಂಟೆಗಿಂತ ಕಡಿಮೆ. ಸ್ನಾನ, ಊಟ, ಪ್ರಯಾಣ, ತಾಯ್ತಂದೆಯರೊಡನೆ ಮಾತು, ಕಾಯಿಲೆ ಕಸಾಲೆ ಎಲ್ಲವೂ ಅದರಲ್ಲೇ ಆಗಬೇಕು. ಎರಡು ಘಳಿಗೆಯ ಒಂದು ಸಾಮಾಯಿಕಕ್ಕೆ 48 ನಿಮಿಷ ಬೇಕು. ಅದು ಎಲ್ಲಿ ಸಿಕ್ಕೀತು?

ಇನ್ನು ಸೂರ್ಯನ ವಿಷಯ. ಮುಂಬಯಿ ವಿಶ್ವವಿದ್ಯಾನಿಲಯದ ಆವರಣದಲ್ಲಿ ರಾಜಾಬಾಯಿ ಗಡಿಯಾರ ಗೋಪುರವಿದೆ. 1878ರಲ್ಲಿ ಅದರ ಕಟ್ಟಡ ಮುಗಿಯಿತು. ಅದಕ್ಕೆ ಧನವಿತ್ತವರು ಪ್ರೇಮಚಂದ್ ರಾಯಚಂದರೆಂಬ ಜೈನ ವರ್ತಕರು. ರಾಜಾಬಾಯಿ ಅವರ ತಾಯಿ. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವೆಂದೂ, ಹೊತ್ತು ಮುಳುಗುವ ಮುನ್ನ ಉಣ್ಣುವ ನೇಮವನ್ನು ಪರಾಧೀನಳಾಗದೆ ನಡೆಸಲು ಗೋಪುರದ ಗಂಟೆ ಆಕೆಗೆ ನೆರವಾಗುತ್ತಿತ್ತೆಂದೂ ಮುಂಬಯಿಯಲ್ಲಿ ಹೇಳುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, 1875ರಲ್ಲಿ ಸ್ಥಾಪಿತವಾದ ಮುಂಬಯಿ ಷೇರುಪೇಟೆಯ ಮೂಲಪುರುಷರಲ್ಲಿ ಇದೇ ಪ್ರೇಮಚಂದರು ಒಬ್ಬರು. ಅಮೆರಿಕದ ಅಂತರ್ಯುದ್ಧದ ಕಾಲದ ಹತ್ತಿಯ ಭರಾಟೆಯಲ್ಲಿ ಅಪಾರ ಧನ ಗಳಿಸಿ, 1865ರಲ್ಲಿ ಪೇಟೆ ಕುಸಿದಾಗ ಅದನ್ನು ಕಳೆದುಕೊಂಡವರೂ ಅವರೇ. ಗಳಿಸಿದ್ದು ಹೋಯಿತು, ತಾಯಿಯ ಹೆಸರಿನ ಗಂಟೆ ಉಳಿಯಿತು. ನಮ್ಮ ದೇಶದ ಷೇರು ವ್ಯವಹಾರದ ಬುಡದಲ್ಲಿಯೇ ಅಸ್ತಮಾನದ ನೇಮದ ನೆನಪು ಇದೆಯೆಂದಾಯಿತು.

ಇಂದು ಕಚೇರಿಯ ಗಡಿಯಾರ ಬೇರೆ, ಸೂರ್ಯ ಬೇರೆ. ನ್ಯೂಯಾರ್ಕಿನ ಷೇರುಪೇಟೆ ಅಲ್ಲಿ ಬೆಳಿಗ್ಗೆ 9-30ಕ್ಕೆ ತೆರೆದಾಗ ನಮಗೆ ಬೇಸಿಗೆಯಲ್ಲಿ ರಾತ್ರಿ 7, ಚಳಿಗಾಲದಲ್ಲಿ ರಾತ್ರಿ 8 ಗಂಟೆ. ಅಲ್ಲಿನವರು ಬೆಳಿಗ್ಗೆ ಎಂಟಕ್ಕೆ ಮೇಜಿನ ಮುಂದೆ ಕುಳಿತು ಇಲ್ಲಿನವರೊಡನೆ ಮಾತು ತೆಗೆದರೆ, ಬೇಸಿಗೆಯಲ್ಲಿ ನಮ್ಮ ಸಂಜೆ 5-30. ಬೆಂಗಳೂರಿನಲ್ಲಿ ಹೊತ್ತು ಮುಳುಗುವುದು ನವೆಂಬರಿನಲ್ಲಿ ಸುಮಾರು 5-50ಕ್ಕೆ, ಜುಲೈಯಲ್ಲಿ ಸುಮಾರು 6-50ಕ್ಕೆ. ಅಸ್ತಮಾನಕ್ಕೆ ಎರಡು ಘಳಿಗೆ ಮುಂಚೆ ಊಟ ಮುಗಿಸುವವರು ಬೇಸಿಗೆಯಲ್ಲಿ ಆರು ಗಂಟೆಯ ಹೊತ್ತಿಗೆ ಕೈ ತೊಳೆದಿರಬೇಕು. ಎಂದರೆ ಶ್ರಾವಕರು ಎಲೆಯ ಮುಂದೆ ಕುಳಿತುಕೊಳ್ಳಬೇಕಾದ ಅರ್ಧ ಗಂಟೆಯೇ ಆ ಕಚೇರಿಯ ಅತ್ಯಂತ ತುರ್ತಿನ ಅರ್ಧ ಗಂಟೆ. ಚಳಿಗಾಲದಲ್ಲಿ ಆ ಮಾತುಕತೆ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ; ಆಗ ಅದಕ್ಕೆ ಬೇಕಾದ ಸಿದ್ಧತೆ ಊಟದ ಹೊತ್ತಿಗೆ ಬೀಳುತ್ತದೆ. ಇದು ಯಾರ ದುಷ್ಟತನವೂ ಅಲ್ಲ. ಭೂಮಿ ಗುಂಡಗಿರುವುದರ ಫಲ.

"ಡಬ್ಬಿ ಒಯ್ದು ಐದು ಗಂಟೆಗೆ ಉಂಡರಾಯಿತು" ಎಂದು ಕೆಲವರು ಹೇಳುವರು. ನಿಜ. ಅಂಥವರನ್ನು ನಾನು ಬಲ್ಲೆ, ಅವರ ಬಗ್ಗೆ ಗೌರವವುಂಟು. ಹಾಗಾದರೆ ಪ್ರಶ್ನೆ ದೂರ ಹತ್ತಿರದ್ದಲ್ಲ, ಊಟದ ಗಂಟೆಯದೂ ಅಲ್ಲ. ಆ ಅರ್ಧ ಗಂಟೆ ಯಾರದು ಎಂಬುದು. ದಿನವೂ ಅದು ನಮ್ಮದಾಗಿ ಉಳಿಯುವ ಕಚೇರಿ ಒಂದು ಬಗೆ. ದಿನವೂ ಬೇಡಿ ಪಡೆಯಬೇಕಾದ ಕಚೇರಿ ಇನ್ನೊಂದು ಬಗೆ. ಬೇಡಿ ಪಡೆಯುವ ವ್ರತ ಬಹಳ ಕಾಲ ಉಳಿಯುವುದು ಕಷ್ಟ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. "ಊಟ ಸಿಗದ ದಿನ ಹಸಿದಿದ್ದರಾಯಿತು; ಉಪವಾಸದ ಪುಣ್ಯವೇ ಬಂತಲ್ಲ!" ಈ ಮಾತನ್ನು ಹಿರಿಯರ ಬಾಯಲ್ಲಿಯೂ ಕೇಳಿದ್ದೇನೆ. ಒಮ್ಮೆ ನಾನೇ ಹೀಗೆ ತಿಳಿದಿದ್ದೆ. ನೌಕರಿಯಲ್ಲಿದ್ದಾಗ ಚುನಾವಣೆಯ ಕೆಲಸಕ್ಕೆ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಮತಪೆಟ್ಟಿಗೆಗಳೊಡನೆ ಲಾರಿಯಲ್ಲಿ ಹೋಗಿ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಊರಿನವರು ಪ್ರೀತಿಯಿಂದ ಮುದ್ದೆ ಸಾರು ತಂದಿಟ್ಟರು, ನಾನು ಬೇಡವೆಂದೆ. ಜೊತೆಯವರು ಉಂಡರು, ನಾನು ಗೋಡೆಗೊರಗಿ ಕುಳಿತೆ. ನೇಮ ಉಳಿಯಿತೆಂಬ ಹೆಮ್ಮೆ ಒಂದು ಗಳಿಗೆ ಇದ್ದಿತು. ಅನಂತರ ರಾತ್ರಿಯಿಡೀ ನನ್ನ ಮನಸ್ಸು ಮಾಡಿದ್ದೇನು? ಲಾರಿಯನ್ನು ತಡಮಾಡಿದವನನ್ನು ಬೈದಿತು, ಉಂಡು ಮಲಗಿದವರ ಗೊರಕೆಯನ್ನು ಹಳಿಯಿತು, ಬೆಳಿಗ್ಗೆಯ ಉಪಾಹಾರವನ್ನು ಎಣಿಸಿತು. ಅದು ಶುದ್ಧವಾದ ಆರ್ತಧ್ಯಾನ. ಹೊಟ್ಟೆ ಬರಿದಾಗಿತ್ತೇ ಹೊರತು ಉಪವಾಸ ನಡೆದಿರಲಿಲ್ಲ. ಆಹಾರವನ್ನು ಬಿಡುವುದರ ಜೊತೆಗೆ ವಿಷಯಕಷಾಯಗಳಿಂದ ಹಿಂದಿರುಗಿ ಆತ್ಮನ ಸಮೀಪದಲ್ಲಿ ವಾಸಿಸುವುದು ಉಪವಾಸ. ಹಸಿವು ಅದಕ್ಕೆ ಬಾಗಿಲು, ಹಸಿವೇ ಮನೆಯಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ದೇವಾಯುವಿನ ಕಾರಣಗಳನ್ನು ಹೇಳುವಾಗ ಅಕಾಮನಿರ್ಜರೆಯನ್ನೂ ಎಣಿಸಿರುವುದನ್ನು ಶಾಸ್ತ್ರಜ್ಞರು ನೆನಪಿಸಬಹುದು. ಅದು ಸತ್ಯ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಬಿಡಿಸುವಾಗ ಕೊಡುವ ನಿದರ್ಶನ ಸೆರೆಯಲ್ಲಿ ಕಟ್ಟಿಬಿದ್ದು ಹಸಿವು ನೀರಡಿಕೆಗಳನ್ನು ಸಹಿಸುವವನದು. ಸಹಿಸಿದ್ದಕ್ಕೆ ಒಂದಿಷ್ಟು ಫಲವುಂಟು. ಆದರೆ ಅದಕ್ಕಾಗಿ ಯಾರಾದರೂ ಸೆರೆಮನೆಯನ್ನು ಹುಡುಕಿಕೊಂಡು ಹೋಗುವರೆ? ಅಕಸ್ಮಾತ್ತಾಗಿ ಬಂದ ಹಸಿವನ್ನು ಶಾಂತಿಯಿಂದ ಸಹಿಸುವುದು ಬೇರೆ. ಹಸಿವು ದಿನಚರಿಯಾಗುವ ಸ್ಥಳವನ್ನು ಹೆಚ್ಚಿನ ಸಂಬಳಕ್ಕಾಗಿ ಆರಿಸಿಕೊಂಡು ಅದಕ್ಕೆ ತಪಸ್ಸೆಂದು ಹೆಸರಿಡುವುದು ಬೇರೆ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳು ಬರುತ್ತವೆ. ಕಟ್ಟುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು ಮೊದಲ ಮೂರು. ನಾಲ್ಕನೆಯದು ಅತಿಭಾರಾರೋಪಣ, ಎಂದರೆ ಶಕ್ತಿಮೀರಿ ಹೊರೆ ಹೇರುವುದು. ಐದನೆಯದು ಅನ್ನಪಾನನಿರೋಧ, ಎಂದರೆ ಹೊತ್ತಿಗೆ ಸರಿಯಾಗಿ ಅನ್ನನೀರು ಸಿಗದಂತೆ ತಡೆಯುವುದು. ಬಾಲ್ಯದಲ್ಲಿ ಇದನ್ನು ಪಾಠ ಹೇಳಿಸಿಕೊಳ್ಳುವಾಗ ನಮ್ಮ ಕಣ್ಣ ಮುಂದೆ ಬರುತ್ತಿದ್ದುದು ಹೊಳಲ್ಕೆರೆಯ ಸಂತೆಗೆ ಹೇರು ಎಳೆಯುತ್ತಿದ್ದ ಎತ್ತುಗಳು. ಸಮಂತಭದ್ರರಾದರೋ ಪರಿಗ್ರಹಪರಿಮಾಣ ವ್ರತದ ಅತಿಚಾರಗಳಲ್ಲಿಯೂ ಲೋಭದಿಂದ ಪಶುಗಳನ್ನು ಮಿತಿಮೀರಿ ನಡೆಸುವ ಅತಿವಾಹನವನ್ನೂ ಅತಿಭಾರವಾಹನವನ್ನೂ ಸೇರಿಸಿದ್ದಾರೆ. ಇದು ಬಹಳ ಆಳವಾದ ಮಾತು. ಎತ್ತಿನ ಬೆನ್ನಿನ ಮೇಲಿನ ಅತಿಭಾರ ಹಿಂಸೆಯ ಲೆಕ್ಕಕ್ಕೂ ಬರುತ್ತದೆ, ಲೋಭದ ಲೆಕ್ಕಕ್ಕೂ ಬರುತ್ತದೆ. ಹೊರೆ ಹೆಚ್ಚಾಗುವುದು ಯಜಮಾನನ ಆಸೆ ಹೆಚ್ಚಾದುದರಿಂದ.

ಎತ್ತಿಗೆ ಆಯ್ಕೆಯಿಲ್ಲ, ನೌಕರಿಗೆ ಸೇರುವವರು ತಾವೇ ಸಹಿಮಾಡಿ, ಕೈತುಂಬ ಸಂಬಳ ಪಡೆಯುವರಲ್ಲ ಎಂದು ಕೇಳಬಹುದು. ಆ ಭೇದವನ್ನು ಒಪ್ಪುತ್ತೇನೆ. ಆದರೆ ಅದರಿಂದ ದೋಷ ಮಾಯವಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ, ಅಷ್ಟೆ. ಇಲ್ಲಿ ಎತ್ತೂ ನಾವೇ, ಹೊರೆ ಹೇರುವವರೂ ನಾವೇ. ತನ್ನ ದೇಹವನ್ನು ಲೋಭದಿಂದ ಅತಿಯಾಗಿ ನಡೆಸುವವನಿಗೆ ದಯೆಯ ಅಭ್ಯಾಸ ತಪ್ಪುತ್ತದೆ. ಇನ್ನೂ ಒಂದು ಮಾತಿದೆ. ಇಂಥ ಕಚೇರಿಗಳಲ್ಲಿ ಇಂದು ಹೊರೆ ಹೊತ್ತವರು ಮೂರು ನಾಲ್ಕು ವರ್ಷಗಳಲ್ಲಿ ಕಿರಿಯರ ಮೇಲೆ ಹೊರೆ ಹೇರುವ ಸ್ಥಾನಕ್ಕೆ ಬರುತ್ತಾರೆ. "ನಾನು ಉಣ್ಣದೆ ದುಡಿಯಲಿಲ್ಲವೆ? ಅವನೂ ದುಡಿಯಲಿ" ಎಂಬ ಮಾತು ಆಗ ಸಲೀಸಾಗಿ ಬರುತ್ತದೆ. ಆದುದರಿಂದ ಕಚೇರಿಯನ್ನು ಆರಿಸುವಾಗ, ನಾನು ಎಷ್ಟು ಹೊರಬಲ್ಲೆ ಎಂಬುದೊಂದೇ ಪ್ರಶ್ನೆಯಲ್ಲ. ಮುಂದೆ ನಾನು ಎಂಥ ಯಜಮಾನನಾಗಲು ಇಲ್ಲಿ ಕಲಿಯುತ್ತೇನೆ ಎಂಬುದೂ ಪ್ರಶ್ನೆ.

ಇನ್ನು ಧನದ ಮಿತಿ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ವಿರಳ. 1898ರಲ್ಲಿ ಆರಂಭವಾದ ಕಟ್ಟೆ 1907ರಲ್ಲಿ ಮುಗಿಯಿತು. 130 ಅಡಿಗೆ ನೀರು ಬಂದರೆ ಕೋಡಿ ಬೀಳಬೇಕೆಂದು ಕಟ್ಟಿದವರು ಮೊದಲೇ ನಿರ್ಣಯಿಸಿದ್ದರು. ನೀರು ಬಂದ ಮೇಲೆ ಯೋಚಿಸೋಣ ಎನ್ನಲಿಲ್ಲ. ಕೋಡಿಯಿಲ್ಲದ ಕೆರೆ ಒಂದಲ್ಲ ಒಂದು ದಿನ ಏರಿ ಒಡೆದು ಊರನ್ನು ಮುಳುಗಿಸುತ್ತದೆ. ಪರಿಗ್ರಹಪರಿಮಾಣವೂ ಹೀಗೆಯೇ. ಮೊದಲ ಸಂಬಳ ಬರುವ ಮೊದಲೇ ಮಿತಿಯನ್ನು ನಿಶ್ಚಯಿಸಬೇಕು. ವರ್ಷದ ಕೊನೆಗೆ ಬೋನಸ್ಸು ಕೈಸೇರಿದ ಮೇಲೆ ಹಾಕುವ ಮಿತಿ, ಬೋನಸ್ಸಿನ ಅಳತೆಗೇ ಹೊಲಿದ ಅಂಗಿಯಾಗುತ್ತದೆ.

ಈ ದೃಷ್ಟಾಂತದಲ್ಲಿ ನಮಗೆ ಒಂದು ಚುಚ್ಚುಮಾತೂ ಅಡಗಿದೆ. ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 89 ವರ್ಷ ಕಳೆದು 2022ರಲ್ಲಿ, ಮತ್ತೆ 2025ರಲ್ಲಿ. ನಮ್ಮಲ್ಲಿ ಅನೇಕರು ಪರಿಗ್ರಹದ ಮಿತಿಯನ್ನು ಜನ್ಮದಲ್ಲಿ ಒಮ್ಮೆಯೂ ನೀರು ಮುಟ್ಟದಷ್ಟು ಎತ್ತರದಲ್ಲಿಟ್ಟು, ನಾವು ಅಣುವ್ರತಿಗಳು ಎನ್ನುತ್ತೇವೆ. ಹನಿಯೂ ಹರಿಯದ ಕೋಡಿಯಿಂದ ಕೆಳಗಿನ ಗದ್ದೆಗೆ ಏನು ಬಂತು?

ಆದರೆ ಆ ಮಗುವಿನ ಮುಂದಿದ್ದದ್ದು ಬೋನಸ್ಸಿನ ಆಸೆಯಲ್ಲ, ತಂದೆಯ ಸಾಲ. ಇದನ್ನು ಹಗುರವಾಗಿ ಕಾಣಲಾಗದು. ತೆಗೆದುಕೊಂಡದ್ದನ್ನು ಹಿಂದಿರುಗಿಸುವುದು ಅಚೌರ್ಯದ ಅಂಗ; ಮನೆಯ ಮರ್ಯಾದೆಯನ್ನು ಉಳಿಸುವುದು ಮಗಳ ಕರ್ತವ್ಯವೆಂದು ಅವಳು ತಿಳಿದಿದ್ದಳು. ವ್ರತವೆಂಬುದು ಸಾಲವಿಲ್ಲದವರ ಅಲಂಕಾರವೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ನಾನಂತೂ ಉಪಾಧ್ಯಾಯನಾಗಿದ್ದೆ. ಸಂಜೆ ಐದಕ್ಕೆ ಮನೆಯಲ್ಲಿರುತ್ತಿದ್ದೆ. ನನ್ನ ನೇಮವನ್ನು ಕಾದದ್ದು ನನ್ನ ದೃಢತೆಯೋ ಶಾಲೆಯ ವೇಳಾಪಟ್ಟಿಯೋ ಎಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ನಾಚಿಕೆಯಾಗುತ್ತದೆ. ಒಂದು ರಾತ್ರಿಯ ಹಸಿವನ್ನೇ ಸಮಚಿತ್ತದಿಂದ ಕಳೆಯಲಾಗದವನು, ಸಾಲದ ಮನೆಯ ಹುಡುಗಿಗೆ ಹೆಚ್ಚಿನ ಸಂಬಳ ಬಿಡೆಂದು ಹೇಳುವುದು ಸುಲಭ, ಆದರೆ ಶೋಭಿಸುವುದಿಲ್ಲ. ಆದ್ದರಿಂದ ನಾನು ಬಿಡು ಎಂದೂ ಹಿಡಿ ಎಂದೂ ಹೇಳಲಿಲ್ಲ. ಸಾಲಕ್ಕೆ ಒಂದು ಮೊತ್ತವಿದೆ, ಲೋಭಕ್ಕೆ ಮೊತ್ತವಿಲ್ಲ; ಸಾಲವನ್ನು ಬಡ್ಡಿಸಹಿತ ಕಾಗದದಲ್ಲಿ ಬರೆ, ಎರಡು ಸಂಬಳಗಳಲ್ಲಿ ಅದು ಎಷ್ಟು ತಿಂಗಳಲ್ಲಿ ತೀರುತ್ತದೆಂದು ಲೆಕ್ಕ ಹಾಕು ಎಂದೆ. ಹಾಕಿದಳು. ಬೆಂಗಳೂರಿನ ಸಂಬಳದಲ್ಲಿ ಸುಮಾರು ಎರಡು ವರ್ಷ, ಮುಂಬಯಿಯದರಲ್ಲಿ ಮನೆಬಾಡಿಗೆ ಕಳೆದು ನಾಲ್ಕು ವರ್ಷ. ಆಯ್ಕೆಯ ನಿಜವಾದ ಬೆಲೆ ಆ ಎರಡು ವರ್ಷಗಳು. ಜೀವಮಾನದ ಬಡತನವಲ್ಲ, ಜೀವಮಾನದ ಐಶ್ವರ್ಯವೂ ಅಲ್ಲ. ಹೆದರಿಕೆಗೆ ಅಂಕೆ ಹಾಕಿದರೆ ಅದು ಚಿಕ್ಕದಾಗದಿದ್ದರೂ ಕಣ್ಣಿಗೆ ಕಾಣುತ್ತದೆ.

ಯಾರ ವ್ಯವಹಾರಕ್ಕೆ ಸಲಹೆ ಹೇಳುತ್ತೇವೆ ಎಂಬುದೂ ವಿಚಾರಣೀಯ. ಮದ್ಯದ ಕಾರ್ಖಾನೆಗೋ ಮಾಂಸದ ಉದ್ಯಮಕ್ಕೋ ಬಂಡವಾಳ ಕೂಡಿಸಿಕೊಡುವವನು ತಾನು ಕೊಲ್ಲಲಿಲ್ಲ, ಕುಡಿಸಲಿಲ್ಲ ಎನ್ನಬಹುದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳನ್ನು ಆಚಾರ್ಯರು ಹೇಳಿರುವಾಗ ಒಂದನ್ನು ಮುಚ್ಚಿದರೆ ಸಾಲದು. ಹಿಂಸೆಯ ಆರಂಭಕ್ಕೆ ದಾರಿ ತೋರುವ ಸಲಹೆ ಅನರ್ಥದಂಡಗಳಲ್ಲಿ ಪಾಪೋಪದೇಶವೆನಿಸುತ್ತದೆ. ಹಾಗೆಂದು ಊರ ಬ್ಯಾಂಕಿನಲ್ಲಿ ನಾವಿಟ್ಟ ಠೇವಣಿ ಎಲ್ಲಿಗೆ ಹೋಗುತ್ತದೆಂದು ನಮಗಾರಿಗೂ ತಿಳಿಯದು. ಅಷ್ಟು ದೂರದ ಸಂಬಂಧವನ್ನು ಗೃಹಸ್ಥನು ಕಡಿದುಕೊಳ್ಳಲಾರ. ಆದರೆ ತನ್ನ ಕೈಯಾರೆ ಕಾಗದ ಬರೆಯುವವನಿಗೆ ಕಂಪನಿಯ ಹೆಸರು ತಿಳಿದಿರುತ್ತದೆ. ತಿಳಿದ ಮೇಲೆ ಬೇಡವೆನ್ನುವ ಅವಕಾಶ ಆ ಕಚೇರಿಯಲ್ಲಿ ಉಂಟೇ ಎಂದು ಮೊದಲೇ ಕೇಳಬೇಕು.

ಒಂದು ವಾರದ ತರುವಾಯ ಆಕೆಗೆ ಐದು ಪ್ರಶ್ನೆಗಳನ್ನು ಬರೆದುಕೊಟ್ಟೆ. ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಕೊಡುತ್ತೇನೆ.

1. ಸಂಜೆಯ ಅರ್ಧ ಗಂಟೆ ದಿನವೂ ನನ್ನದಾಗಿರುವುದೆ, ಅಥವಾ ದಿನವೂ ಬೇಡಬೇಕೆ?
2. ಎರಡು ವರ್ಷಗಳಿಂದ ಅಲ್ಲಿರುವ ಕಿರಿಯರು ನಿನ್ನೆ ಎಷ್ಟು ಹೊತ್ತಿಗೆ ಉಂಡರು, ಎಷ್ಟು ಹೊತ್ತಿಗೆ ಮಲಗಿದರು? (ಇದನ್ನು ಮೇಲಧಿಕಾರಿಯನ್ನಲ್ಲ, ಆ ಕಿರಿಯರನ್ನೇ ಕೇಳಬೇಕು.)
3. ಮನಸ್ಸೊಪ್ಪದ ಉದ್ಯಮದ ಕೆಲಸ ಬಂದರೆ ಬೇಡವೆನ್ನಬಹುದೆ? ಎಂದವರು ಅಲ್ಲಿ ಇಂದೂ ಉಳಿದಿದ್ದಾರೆಯೆ?
4. ದಶಲಕ್ಷಣದ ಹತ್ತು ದಿನಗಳಲ್ಲಿ, ಕೊನೆಯ ಪಕ್ಷ ಅನಂತ ಚತುರ್ದಶಿಯಂದು, ರಜೆ ಸಿಕ್ಕುವುದೆ?
5. ನನ್ನ ಆವಶ್ಯಕತೆಯ ಮೊತ್ತ ಎಷ್ಟು, ಅದು ತೀರಿದ ದಿನ ಏನು ಮಾಡುವೆನು?

ಮೊದಲ ನಾಲ್ಕನ್ನು ಕಚೇರಿಗೆ ಕೇಳಬೇಕು, ಐದನೆಯದನ್ನು ತನಗೆ ತಾನೇ. ಮುಚ್ಚುಮರೆಯಿಲ್ಲದೆ ಮೊದಲೇ ಕೇಳುವುದು ಸತ್ಯಾಣುವ್ರತದ ಪಾಲನೆಯೂ ಹೌದು. ಸೇರಿದ ಮೇಲೆ ದಿನಕ್ಕೊಂದು ನೆಪ ಹೇಳಿ ಊಟಕ್ಕೆ ಎದ್ದುಹೋಗುವುದರಿಂದ ಒಂದು ವ್ರತ ಉಳಿದು ಮತ್ತೊಂದು ಸೊರಗುತ್ತದೆ.

ಆಕೆ ಎರಡೂ ಕಡೆ ವಿಚಾರಿಸಿದಳು. ಬೆಂಗಳೂರಿನವರು ಸಜ್ಜನಿಕೆಯಿಂದಲೇ, ಊಟಕ್ಕೆ ಯಾರೂ ಅಡ್ಡಿಮಾಡುವುದಿಲ್ಲ, ಆದರೆ ಆ ಹೊತ್ತಿನ ಮಾತುಕತೆಯನ್ನು ಕದಲಿಸುವುದು ತಮ್ಮ ಕೈಯಲ್ಲಿಲ್ಲ ಎಂದರಂತೆ. ಮುಂಬಯಿಯವರು, ಸಾಧಾರಣ ವಾರಗಳಲ್ಲಿ ತೊಂದರೆಯಿಲ್ಲ, ಷೇರು ಹೊರಡಿಸುವ ವಾರಗಳಲ್ಲಿ ಯಾವ ಮಾತನ್ನೂ ಕೊಡಲಾರೆವು ಎಂದರು. ಎರಡೂ ಸತ್ಯವಾದ ಉತ್ತರಗಳು. ಯಾವುದೂ ಪೂರ್ಣವಾದ ಅಭಯವಲ್ಲ. ಅವಳು ಮುಂಬಯಿಯನ್ನು ಆರಿಸಿದಳು. ನಿಯಮವನ್ನು ಐದು ವರ್ಷಕ್ಕಲ್ಲ, ಒಂದು ವರ್ಷಕ್ಕೆ ಮಾತ್ರ ತೆಗೆದುಕೊಂಡಳು. ನಡೆಸಲಾರದ ದೊಡ್ಡ ವ್ರತಕ್ಕಿಂತ ನಡೆಸಬಲ್ಲ ಚಿಕ್ಕ ವ್ರತ ಮೇಲೆಂದು ನಾನೂ ಸಮ್ಮತಿಸಿದೆ.

ಅವಳ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಆಗ ಸ್ಪಷ್ಟವಾಯಿತು. ಅವಧಿ ಮುಗಿದ ನಿಯಮವನ್ನು ಮತ್ತೆ ತೆಗೆದುಕೊಳ್ಳದಿರುವುದು ಭಂಗವಲ್ಲ. ಶಕ್ತಿ ಸಾಲದೆಂದು ಬಿಟ್ಟರೆ ಅದು ಪ್ರಾಮಾಣಿಕತೆ. ಶಕ್ತಿಯಿದ್ದೂ, ಒಳ್ಳೆಯ ಬೆಲೆ ಬಂತೆಂದು ಬಿಟ್ಟರೆ ಅದು ಮಾರಾಟ. ಹೊರಗಿನಿಂದ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಯಾವುದೆಂಬುದನ್ನು ಬಿಟ್ಟವರೇ ಬಲ್ಲರು.

ಆರು ತಿಂಗಳ ಅನಂತರ ಫೋನು ಮಾಡಿದ್ದಳು. ಏಳು ಸಂಜೆ ಊಟ ತಪ್ಪಿತಂತೆ. ಲೆಕ್ಕ ಇಟ್ಟಿದ್ದಳು. "ನಾಲ್ಕು ದಿನ ಶಾಂತವಾಗಿದ್ದೆ ಮೇಷ್ಟ್ರೇ, ಮೂರು ದಿನ ಸಿಟ್ಟಿನಲ್ಲೇ ಕಳೆಯಿತು. ಆ ಮೂರನ್ನು ಉಪವಾಸ ಅಂತ ಬರೆದುಕೊಂಡಿಲ್ಲ" ಎಂದಳು. ಚುನಾವಣೆಯ ರಾತ್ರಿ ನಾನು ಮಾಡದಿದ್ದ ಲೆಕ್ಕವನ್ನು ಅವಳು ಮಾಡಿದ್ದಳು. ಅವಳ ತಂದೆ ಮೊನ್ನೆ ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. "ನಿಮ್ಮ ಪ್ರಶ್ನೆಗಳಿಂದ ನನ್ನ ಬಡ್ಡಿ ಎರಡು ವರ್ಷ ಬೆಳೆಯಿತು ಮೇಷ್ಟ್ರೇ" ಎಂದರು. ಮಾತಿನಲ್ಲಿ ನಗುವಿತ್ತು, ನೋವೂ ಇತ್ತು. ನಾನು ಪ್ರತಿ ಹೇಳಲಿಲ್ಲ. ಆ ಮಾತು ಸುಳ್ಳಲ್ಲ. ವ್ರತಕ್ಕೆ ಬೆಲೆಯಿಲ್ಲವೆಂದು ಹೇಳುವ ಉಪದೇಶಕರು, ಆ ಬೆಲೆಯನ್ನು ತೆರುವವರು ಯಾರೆಂದು ಒಮ್ಮೆ ನೋಡಬೇಕು.

ಆದುದರಿಂದ ಸಮಾಜದ ಹಿರಿಯರಲ್ಲಿ ಒಂದು ವಿನಂತಿ. ಬಸದಿಗಳ ಜೀರ್ಣೋದ್ಧಾರಕ್ಕೆ, ಪಂಚಕಲ್ಯಾಣಗಳಿಗೆ ನಾವು ಉದಾರವಾಗಿ ದಾನ ಮಾಡುತ್ತೇವೆ. ದೂರದ ನಗರಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೆ ಸಂಜೆ ಐದಕ್ಕೆ ಸೋಸಿದ ನೀರು, ಶುದ್ಧವಾದ ಊಟ ದೊರೆಯುವ ಭೋಜನಶಾಲೆಗಳನ್ನು ನಡೆಸುವುದೂ, ಸಾಲದ ಹೊರೆಯಲ್ಲಿರುವ ಸಾಧರ್ಮಿಗಳ ಬಡ್ಡಿಯನ್ನು ಒಂದಿಷ್ಟು ಇಳಿಸುವುದೂ ವೈಯಾವೃತ್ಯವೇ. ನಮ್ಮ ಕೋಡಿಗಳನ್ನು ತುಸು ತಗ್ಗಿಸಿಕೊಂಡರೆ ಇದು ಅಸಾಧ್ಯವಲ್ಲ. ಆ ತಂದೆಯ ಎರಡು ವರ್ಷದ ಬಡ್ಡಿಯಲ್ಲಿ ನನ್ನ ಪಾಲೆಷ್ಟು ಎಂದು ಈ ಲೇಖನವನ್ನು ಬರೆಯುವ ಮೊದಲು ನನ್ನನ್ನೇ ಕೇಳಿಕೊಂಡು, ಕೈಲಾದಷ್ಟನ್ನು ಮಾಡಿದ್ದೇನೆ. ವಾಚಕರೂ ವಿಚಾರಿಸಬೇಕೆಂದು ಪ್ರಾರ್ಥನೆ.